ನೆಲದಡಿಯ ಕಬ್ಬಿಣದ ಗೋಡೆ

1980ರ ದಶಕದಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಒಂದು ಪರೀಕ್ಷೆ ನಡೆಯಿತು. ಅಂತರ್ಜಲದ ಸ್ಯಾಂಪಲ್ ತೆಗೆಯಲು ಬಳಸುವ ಪೈಪುಗಳೇ ನೀರಿನ ಲೆಕ್ಕ ಕೆಡಿಸುತ್ತವೆಯೇ ಅಂತ ನೋಡಬೇಕಿತ್ತು. ಪ್ಲಾಸ್ಟಿಕ್ಕು ಕೆಲವು ರಾಸಾಯನಿಕಗಳನ್ನು ಹೀರಿಕೊಳ್ಳುತ್ತದೆ, ಅದು ಗೊತ್ತಿರುವ ವಿಷಯ. ಆದರೆ ಲೋಹ ಮುಟ್ಟಿದ ನೀರಲ್ಲೂ ಕೆಲವು ಕ್ಲೋರಿನ್ ದ್ರಾವಕಗಳು ಕಡಿಮೆಯಾಗುತ್ತಾ ಹೋದವು. ಲೋಹ ಅವನ್ನು ಹೀರುವುದಿಲ್ಲ ಅಲ್ವಾ? ಹಾಗಾದರೆ ಒಡೆದು ಹಾಕುತ್ತಿರಬೇಕು. ಸ್ಯಾಂಪಲ್ ಕೆಡಿಸುವ ಈ ಗುಣವನ್ನೇ ಅಲ್ಲಿನ ಸಂಶೋಧಕ ರಾಬರ್ಟ್ ಗಿಲ್ಹಮ್ ಮತ್ತು ಅವರ ಜೊತೆಗಾರರು ನೀರು ಶುದ್ಧ ಮಾಡುವ ದಾರಿಯನ್ನಾಗಿ ಮಾಡಿಕೊಂಡರು. 1991ರಲ್ಲಿ ಕೆನಡಾದ ಬೋರ್ಡನ್ ಸೇನಾ ನೆಲೆಯಲ್ಲಿ ಅಂತರ್ಜಲ ಹರಿಯುವ ದಾರಿಗೆ ಅಡ್ಡವಾಗಿ ಕಬ್ಬಿಣದ ಚೂರು ಬೆರೆಸಿದ ಮರಳು ತುಂಬಿ ನೋಡಿದರು. ಕಬ್ಬಿಣ ಇದ್ದದ್ದು ಐದನೇ ಒಂದು ಭಾಗಕ್ಕಿಂತ ತುಸು ಜಾಸ್ತಿ, ಅಷ್ಟೇ. ಅದರೊಳಗೆ ಹಾದು ಹೋದ ನೀರಲ್ಲಿದ್ದ ಟ್ರೈಕ್ಲೋರೋಎಥಿಲೀನ್ ಸುಮಾರು ಶೇ 90ರಷ್ಟು ಮಾಯವಾಯಿತು. ಇದು ಯಂತ್ರಗಳ ಗ್ರೀಸ್ ತೊಳೆಯಲು ಕಾರ್ಖಾನೆಗಳು ಬಳಸುತ್ತಿದ್ದ ದ್ರಾವಕ. ಕ್ಯಾನ್ಸರ್ ತರುವಂಥದ್ದು.

ಇಂಥ ಉಪಾಯ ಬೇಕಾಗಿದ್ದಕ್ಕೆ ಕಾರಣ ಇದೆ. ಅಲ್ಲಿಯವರೆಗೆ ಹೆಚ್ಚಾಗಿ ಬಳಸುತ್ತಿದ್ದ ದಾರಿ: ಕೊಳಕು ನೀರನ್ನು ಪಂಪ್ ಹಾಕಿ ಮೇಲೆತ್ತು, ಶುದ್ಧ ಮಾಡು, ಬಿಡು. ಮೊದಲು ಚೆನ್ನಾಗೇ ನಡೆಯುತ್ತದೆ. ಆಮೇಲೆ ನೀರಲ್ಲಿರುವ ವಿಷದ ಅಂಕಿ ಇಳಿಯುವುದೇ ಇಲ್ಲ. ಅರಿಶಿನ ಮೆತ್ತಿದ ಬಟ್ಟೆಯನ್ನು ಎಷ್ಟು ಸಲ ಹಿಂಡಿದರೂ ಹಳದಿ ನೀರು ಬರುತ್ತಲೇ ಇರುತ್ತದಲ್ಲ, ಹಾಗೆ. ವಿಷ ಜೇಡಿಮಣ್ಣಿನ ಪದರಗಳೊಳಗೆ ಇಳಿದು ಕೂತಿರುತ್ತದೆ. ಮೇಲಿನ ನೀರು ತೆಗೆದ ಹಾಗೆಲ್ಲ ಅಲ್ಲಿಂದ ನಿಧಾನಕ್ಕೆ ಹೊರಗೆ ಜಿನುಗುತ್ತದೆ. ಪಂಪ್ ನಿಲ್ಲಿಸಿದರೆ ಮತ್ತೆ ಏರುತ್ತದೆ. ಹತ್ತಾರು ವರ್ಷ ಕರೆಂಟು ಸುಟ್ಟರೂ ಮುಗಿಯದ ಜಾಗಗಳಿವೆ.

ಕಬ್ಬಿಣದ ಗೋಡೆ ನಿಜವಾಗಿ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಅಮೆರಿಕದ ನಾರ್ತ್ ಕೆರೊಲಿನಾದ ಎಲಿಜಬೆತ್ ಸಿಟಿಗೆ ಹೋಗಬೇಕು. ಅಲ್ಲಿನ ಕೋಸ್ಟ್ ಗಾರ್ಡ್ ನೆಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಒಂದು ಕ್ರೋಮ್ ಪ್ಲೇಟಿಂಗ್ ಘಟಕ, ಅಂದರೆ ಲೋಹದ ಮೇಲೆ ಕ್ರೋಮಿಯಂ ಲೇಪ ಹಾಕುವ ಘಟಕ, ನಡೆಯಿತು. ಕ್ರೋಮಿಯಂ ಇದ್ದ ಪ್ಲೇಟಿಂಗಿನ ಆಸಿಡ್ ನೆಲದೊಳಗೆ ಸೋರಿತ್ತು. 1988ರಲ್ಲಿ ಇದು ಬೆಳಕಿಗೆ ಬಂತು. ಆ ಹೊತ್ತಿಗೆ ವಿಷ ಅಂತರ್ಜಲದ ಜೊತೆ ಪಾಸ್ಕ್ವೊಟ್ಯಾಂಕ್ ನದಿಯ ಕಡೆಗೆ ಹೊರಟಿತ್ತು. 1996ರ ಜೂನ್‌ನಲ್ಲಿ ಅದಕ್ಕೆ ಅಡ್ಡವಾಗಿ 46 ಮೀಟರ್ ಉದ್ದ, 7.3 ಮೀಟರ್ ಆಳ, 0.6 ಮೀಟರ್ ದಪ್ಪದ ಕಬ್ಬಿಣದ ಚೂರುಗಳ ಗೋಡೆ ಹಾಕಿದರು. ಒಂದು ಕಡೆ ಅಗೆಯುತ್ತಾ ಇನ್ನೊಂದು ಕಡೆ ತುಂಬುತ್ತಾ ಹೋಗುವ ಯಂತ್ರ ಆ ಕೆಲಸವನ್ನು ಸುಮಾರು ಆರು ಗಂಟೆಯಲ್ಲಿ ಮುಗಿಸಿತು.

ಗೋಡೆ ಅಂದ ಮಾತ್ರಕ್ಕೆ ಅದು ನೀರನ್ನು ತಡೆಯುವುದಿಲ್ಲ. ನೀರು ಸಲೀಸಾಗಿ ಒಳಗೆ ನುಗ್ಗಿ ಆಚೆ ಬರುತ್ತದೆ. ಪಂಪ್ ಇಲ್ಲ, ಕರೆಂಟ್ ಇಲ್ಲ. ಆರನೇ ಸ್ಥಿತಿಯ ಕ್ರೋಮಿಯಂ, ಅಂದರೆ ಆರು ಎಲೆಕ್ಟ್ರಾನ್ ಕಳಕೊಂಡ ವಿಷಕಾರಿ ರೂಪ, ನೀರಲ್ಲಿ ಸುಲಭವಾಗಿ ಕರಗಿ ಹರಿಯುತ್ತದೆ, ಜಾಸ್ತಿ ಇದ್ದರೆ ನೀರಿಗೆ ಹಳದಿ ಬಣ್ಣ ಬರುತ್ತದೆ. ಕಬ್ಬಿಣದಿಂದ ಮೂರು ಎಲೆಕ್ಟ್ರಾನ್ ಸಿಕ್ಕರೆ ಅದು ಮೂರನೇ ಸ್ಥಿತಿಗೆ ಇಳಿಯುತ್ತದೆ. ಆಗ ಅದು ಕರಗುವುದಿಲ್ಲ. ತುಕ್ಕಿನ ಜೊತೆ ಸೇರಿ ಅಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ಲೋಹವನ್ನು ಯಾರಿಂದಲೂ ನಾಶ ಮಾಡಲಾಗುವುದಿಲ್ಲ. ಹಾಗಾಗಿ ಅದನ್ನು ಕದಲದಂತೆ ಮಾಡುವುದೇ ಇಲ್ಲಿ ಚಿಕಿತ್ಸೆ. ಘಟಕದ ಕೆಳಗಿನ ಮಣ್ಣಿಗೂ ಆಮೇಲೆ ಇದೇ ರೀತಿ ಎಲೆಕ್ಟ್ರಾನ್ ಕೊಡುವ ಸೋಡಿಯಂ ಡೈಥಿಯೊನೈಟ್ ದ್ರಾವಣ ಇಳಿಸಿ, ಮೂಲದಲ್ಲೇ ಕ್ರೋಮಿಯಂ ಕಟ್ಟಿಹಾಕಲು ಪ್ರಯತ್ನಿಸಿದರು. ಹದಿನೈದು ವರ್ಷ ಕಳೆದ ಮೇಲೂ ಗೋಡೆ ಕ್ರೋಮಿಯಂ ತಡೆಯುತ್ತಲೇ ಇತ್ತು. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಜೊತೆ ಇದ್ದ ಟ್ರೈಕ್ಲೋರೋಎಥಿಲೀನ್ ಮಾತ್ರ ಎಲ್ಲಾ ಕಡೆ ಮಿತಿಯೊಳಗೆ ಬರಲಿಲ್ಲ.

ಇದೆಲ್ಲ ಗೊತ್ತಾಗಿದ್ದು ಗೋಡೆಯ ಹಿಂದೆ ಮುಂದೆ, ಬೇರೆ ಬೇರೆ ಆಳಕ್ಕೆ ಇಳಿಸಿದ್ದ ವೀಕ್ಷಣಾ ಕೊಳವೆಗಳಿಂದ. ನನಗೆ ಈ ಕತೆಯಲ್ಲಿ ಅತಿ ಮುಖ್ಯ ಅನ್ನಿಸುವುದು ಅದೇ. ಗೋಡೆ ಹಾಕಲು ಆರು ಗಂಟೆ ಸಾಕಾಯಿತು, ಸರಿ. ಎಲ್ಲಿ ಹಾಕಬೇಕು, ಎಷ್ಟು ಆಳಕ್ಕೆ ಅಂತ ತಿಳಿಯಲು ವರ್ಷಗಳೇ ಬೇಕಾದವು.

ಸ್ಯಾಂಪಲ್ ತೆಗೆಯುವುದು ಸುಮ್ನೆ ಬಾಟಲಿ ತುಂಬಿಸುವ ಕೆಲಸವಲ್ಲ. ಕೊಳವೆಯಲ್ಲಿ ನಿಂತ ನೀರು ಹಳಸಿರುತ್ತದೆ. ಅದಕ್ಕೆ ಸಣ್ಣ ಪಂಪಿನಿಂದ ಬಲು ನಿಧಾನವಾಗಿ ನೀರೆಳೆಯುತ್ತಾರೆ. ಜೋರಾಗಿ ಎಳೆದರೆ ಮಣ್ಣು ಕದಡಿ ಲೆಕ್ಕ ತಪ್ಪುತ್ತದೆ. ಆಮ್ಲೀಯತೆ, ಕರಗಿದ ಆಮ್ಲಜನಕ, ವಿದ್ಯುತ್ ವಾಹಕತೆ ಇವುಗಳ ಅಂಕಿ ಓಡಾಡುವುದನ್ನು ನಿಲ್ಲಿಸಿ ಒಂದೇ ಕಡೆ ನಿಂತ ಮೇಲೆ ನೀರು ಹಿಡಿಯಬೇಕು. ದ್ರಾವಕಗಳ ಪರೀಕ್ಷೆಗಾದರೆ ಪುಟ್ಟ ಗಾಜಿನ ಸೀಸೆಯನ್ನು ಬಾಯಿ ತುಂಬುವಷ್ಟು ತುಂಬಿ, ಮುಚ್ಚಳ ಬಿಗಿದು, ತಲೆಕೆಳಗು ಮಾಡಿ ಬೆರಳಿಂದ ತಟ್ಟಿ ನೋಡುತ್ತಾರೆ. ಒಂದು ಗುಳ್ಳೆ ಕಂಡರೂ ಮತ್ತೆ ತುಂಬಿಸಬೇಕು. ದ್ರಾವಕ ಆ ಗುಳ್ಳೆಯೊಳಗೆ ಆವಿಯಾಗಿ ಹೋಗಿರುತ್ತದೆ. ಕ್ರೋಮಿಯಂ ಪರೀಕ್ಷೆ ನೋಡಲು ಚೆಂದ. ಆಮ್ಲ ಹಾಕಿದ ನೀರಿಗೆ ಡೈಫಿನೈಲ್ ಕಾರ್ಬಜೈಡ್ ಸೇರಿಸಿದರೆ, ಆರನೇ ಸ್ಥಿತಿಯ ಕ್ರೋಮಿಯಂ ಇದ್ದಲ್ಲಿ ಬಣ್ಣವಿಲ್ಲದ ನೀರು ಕೆಂಪು ನೇರಳೆಗೆ ತಿರುಗುತ್ತದೆ.

ಪ್ಲೇಟಿಂಗ್ ಘಟಕಗಳು ಬೆಂಗಳೂರಿನ ಪೀಣ್ಯದಲ್ಲೂ ಇವೆ. ಅಲ್ಲಿನ ಅಂತರ್ಜಲದಲ್ಲೂ ಇದೇ ಕ್ರೋಮಿಯಂ ಪತ್ತೆಯಾಗಿದೆ. ಕುಡಿಯುವ ನೀರಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ನಮ್ಮ ಮಾನದಂಡ. ಹಾಗಾದರೆ ಅಲ್ಲೂ ಒಂದು ಕಬ್ಬಿಣದ ಗೋಡೆ ಹಾಕಬಹುದಲ್ಲ? ಅಷ್ಟು ಸುಲಭವಿಲ್ಲ. ಎಲಿಜಬೆತ್ ಸಿಟಿಯಲ್ಲಿ ನೀರು ಹರಿಯುವುದು ಮೇಲ್ಪದರದ ಮರಳಿನಲ್ಲಿ. ನಮ್ಮಲ್ಲಿ ಒಂದಷ್ಟು ಮಣ್ಣು, ಶಿಥಿಲ ಕಲ್ಲು, ಅದರ ಕೆಳಗೆ ಗಟ್ಟಿ ಬಂಡೆ. ಆ ಬಂಡೆಯ ಬಿರುಕುಗಳಲ್ಲಿ ನೀರು. ಬಿರುಕು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಮೇಲಿನಿಂದ ಕಾಣುವುದಿಲ್ಲ.

ಬೋರ್‌ವೆಲ್‌ಗಳು ಇದನ್ನು ಇನ್ನೂ ಕಗ್ಗಂಟು ಮಾಡುತ್ತವೆ. ಕೇಸಿಂಗ್ ಪೈಪು ಸಾಮಾನ್ಯವಾಗಿ ಮೇಲಿನ ಸಡಿಲ ಪದರದವರೆಗೆ ಮಾತ್ರ. ಅದರ ಕೆಳಗೆ ಬರೀ ತೂತು. ಮೇಲಿನ ಬಿರುಕಿನ ಕೊಳಕು ನೀರು ಆ ತೂತಿನಲ್ಲೇ ಇಳಿದು ಕೆಳಗಿನ ಚೊಕ್ಕ ಬಿರುಕು ಸೇರಬಹುದು. ಬತ್ತಿದ ಬೋರನ್ನು ಮುಚ್ಚದೆ ಬಿಟ್ಟರೆ ವಿಷಕ್ಕೆ ನಾವೇ ಮೆಟ್ಟಿಲು ಕಟ್ಟಿಕೊಟ್ಟಂತೆ. ಜೊತೆಗೆ ಅಕ್ಕಪಕ್ಕದ ಮೋಟರುಗಳು ಆನ್ ಆದಾಗ ನೀರಿನ ದಿಕ್ಕೇ ಬದಲಾಗುತ್ತದೆ. ಬಳಕೆಯ ಬೋರಿನಿಂದ ಹಿಡಿದ ಸ್ಯಾಂಪಲ್‌ನಲ್ಲಿ ಹಲವು ಬಿರುಕುಗಳ ನೀರು ಬೆರೆತಿರುತ್ತದೆ. ಒಂದು ಬಿರುಕಿನಲ್ಲಿ ಕ್ರೋಮಿಯಂ ತುಂಬಿದ್ದರೂ ಉಳಿದ ನೀರು ಸೇರಿ ಅಂಕಿ ತೆಳ್ಳಗಾಗುತ್ತದೆ. ವರದಿಯಲ್ಲಿ ಎಲ್ಲಾ ಸರಿ ಇದೆ ಅಂತ ಬರುತ್ತದೆ, ಅಪಾಯ ಅಲ್ಲೇ ಇರುತ್ತದೆ.

ಹಾಗಂತ ಬಂಡೆಯ ನಾಡಿನಲ್ಲಿ ದಾರಿಯೇ ಇಲ್ಲ ಅಂತಲ್ಲ. ಕಬ್ಬಿಣದ ಲವಣ ಅಥವಾ ಕಾಕಂಬಿಯನ್ನು ಕೊಳವೆಗಳ ಮೂಲಕ ನೆಲಕ್ಕೆ ಇಳಿಸುವ ವಿಧಾನ ಬೇರೆ ದೇಶಗಳಲ್ಲಿ ಬಳಕೆಯಲ್ಲಿದೆ. ಕಾಕಂಬಿ ತಿಂದು ಬೆಳೆಯುವ ಬ್ಯಾಕ್ಟೀರಿಯಾ ಅಲ್ಲಿನ ಆಮ್ಲಜನಕ ಖಾಲಿ ಮಾಡುತ್ತವೆ. ಆಗ ಕ್ರೋಮಿಯಂ ತಾನಾಗೇ ಮೂರನೇ ಸ್ಥಿತಿಗೆ ಇಳಿಯುತ್ತದೆ. ಆದರೆ ಇಳಿಸಿದ್ದು ಸರಿಯಾದ ಬಿರುಕಿಗೇ ಹೋಯಿತೇ ಅಂತ ನೋಡಲು ಮತ್ತೆ ವೀಕ್ಷಣಾ ಕೊಳವೆಗಳೇ ಬೇಕು.

ಕಲುಷಿತ ಜಾಗಗಳಿಗೆ ಅಂತಲೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮಗಳನ್ನು ತಂದಿದೆ. ಕೆಡಿಸಿದವರೇ ಸ್ವಚ್ಛ ಮಾಡುವ ಖರ್ಚು ಹೊರಬೇಕು ಅನ್ನುತ್ತದೆ ಅದು. ತುಂಬಾ ಒಳ್ಳೆಯದು. ಆದರೆ ಯಾರು ಕೆಡಿಸಿದರು ಅಂತ ಸಾಬೀತು ಮಾಡಲು ನೀರು ಎಲ್ಲಿಂದ ಎಲ್ಲಿಗೆ ಹರಿಯಿತು ಅಂತ ತೋರಿಸಬೇಕು. ಅದಕ್ಕೆ ಪ್ರತಿ ಕೈಗಾರಿಕಾ ಪ್ರದೇಶದಲ್ಲೂ ಯಾರೂ ನೀರೆಳೆಯದ, ಬೇರೆ ಬೇರೆ ಆಳಕ್ಕೆ ಪ್ರತ್ಯೇಕವಾಗಿ ಇಳಿಸಿದ ಕೊಳವೆಗಳು ಬೇಕು. ಅವುಗಳ ಅಂಕಿಗಳು ಮುಂಗಾರಿಗೆ ಮೊದಲು, ಮುಂಗಾರು ಮುಗಿದ ಮೇಲೆ, ಹತ್ತಾರು ವರ್ಷ ತಪ್ಪದೆ ದಾಖಲಾಗಬೇಕು. ಎಲ್ಲರೂ ನೋಡುವಂತೆ ಪ್ರಕಟವಾಗಬೇಕು. ನಿಮ್ಮ ಬಡಾವಣೆಯ ಬೋರ್‌ವೆಲ್ ನೀರಿನ ವರದಿ ಕೈಗೆ ಸಿಕ್ಕರೆ, ಅಂಕಿ ಎಷ್ಟು ಅಂತ ನೋಡುವ ಮೊದಲು ಸ್ಯಾಂಪಲ್ ಎಷ್ಟು ಅಡಿ ಆಳದ್ದು, ಯಾವ ತಿಂಗಳಲ್ಲಿ ತೆಗೆದದ್ದು ಅಂತ ಕೇಳಿ.