"ನಾನ್ಯಾರು ಹೇಳಿ" ಅಂತ ಯಾರೂ ಕೇಳದ ಜಾಗ

ಮರೆವಿನ ಕಾಯಿಲೆ ಇರುವ ಹಿರಿಯರನ್ನು ನೋಡಲು ಹೋದಾಗ ನಾವೆಲ್ಲ ಮಾಡುವ ಮೊದಲ ಕೆಲಸ ಒಂದೇ. ಹತ್ತಿರ ಕೂತು, ಸ್ವಲ್ಪ ಜೋರಾಗಿ, "ಅಜ್ಜಿ, ನಾನ್ಯಾರು ಹೇಳಿ ನೋಡೋಣ?" ಪ್ರೀತಿಯಿಂದಲೇ ಕೇಳುತ್ತೇವೆ, ನಿಜ. ಆದರೆ ಅಜ್ಜಿಗೆ ಅದು ಪರೀಕ್ಷೆ. ಬಂದವರೆಲ್ಲ ಕೊಡುವ, ಪ್ರತಿ ಸಲ ಫೇಲಾಗುವ ಪರೀಕ್ಷೆ.

ನ್ಯೂಯಾರ್ಕಿನ ಕಲಾ ಸಂಗ್ರಹಾಲಯ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ (ಚಿಕ್ಕದಾಗಿ ಮೊಮಾ) 2006ರಲ್ಲಿ ಶುರು ಮಾಡಿದ 'ಮೀಟ್ ಮಿ ಅಟ್ ಮೊಮಾ' ಕಾರ್ಯಕ್ರಮ ನನಗೆ ಇಷ್ಟವಾಗುವುದು ಅಲ್ಲಿ ಈ ಪರೀಕ್ಷೆ ಇಲ್ಲ ಅನ್ನುವ ಕಾರಣಕ್ಕೆ. ಆಗ ಅಲ್ಲಿ ಮಂಗಳವಾರ ರಜೆ. ತಿಂಗಳಿಗೊಂದು ಮಂಗಳವಾರ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಜೊತೆಯಾಗಿ ಕರೆಸುತ್ತಿದ್ದರು. ನೂಕುನುಗ್ಗಲಿಲ್ಲ. ಪುಟ್ಟ ಗುಂಪು, ಕೂರಲು ಸ್ಟೂಲು, ಎದೆಯ ಮೇಲೆ ಹೆಸರಿನ ಚೀಟಿ. ಒಂದೂವರೆ ಗಂಟೆಗೆ ನಾಲ್ಕೈದು ಚಿತ್ರ, ಅಷ್ಟೇ.

ಅಲ್ಲಿರುವ ಒಂದು ಚಿತ್ರವನ್ನೇ ನೋಡಿ. ಆಂಡ್ರ್ಯೂ ವೈತ್ 1948ರಲ್ಲಿ ಬರೆದ 'ಕ್ರಿಸ್ಟಿನಾಸ್ ವರ್ಲ್ಡ್'. ಒಣಹುಲ್ಲಿನ ಬಯಲು, ಗುಲಾಬಿ ಬಟ್ಟೆಯ ಹೆಂಗಸು ನಮಗೆ ಬೆನ್ನು ಹಾಕಿ ನೆಲಕ್ಕೆ ಕೈಯೂರಿ ಕೂತಿದ್ದಾಳೆ, ದೂರದಲ್ಲಿ ಬೂದುಬಣ್ಣದ ಮನೆ. ಏನು ಕಾಣಿಸುತ್ತೆ? ಇವಳು ಮನೆಗೆ ಹೊರಟಳಾ, ಮನೆ ಬಿಟ್ಟು ಬಂದಳಾ? ಮುಖವೇ ಕಾಣದ ಮೇಲೆ ಯಾರ ಉತ್ತರವನ್ನು ತಪ್ಪು ಅನ್ನುವುದು! ನೆನಪೇ ಬೇಕಿಲ್ಲ, ಕಣ್ಣೆದುರು ಇರುವುದೇ ಸಾಕು.

ಇದಕ್ಕೆ ಮಿದುಳಿನ ಕಾರಣವೂ ಇದೆ. ಡಿಮೆನ್ಷಿಯಾಕ್ಕೆ ಹೆಚ್ಚಾಗಿ ಕಾರಣವಾಗುವ ಆಲ್ಜೈಮರ್ಸ್ ಕಾಯಿಲೆ ಮೊದಮೊದಲು ಹಾಳುಮಾಡುವುದು ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್ ಭಾಗವನ್ನು. ಹಾಗಂತ ಇಷ್ಟಾನಿಷ್ಟವೂ ಅಳಿಸಿಹೋಗುವುದಿಲ್ಲ. 2008ರಲ್ಲಿ ಪ್ರಕಟವಾದ ಆಂಡ್ರಿಯಾ ಹಾಲ್‌ಪರ್ನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಆಲ್ಜೈಮರ್ಸ್ ಇರುವವರ ಕೈಗೆ ಚಿತ್ರಗಳ ಪೋಸ್ಟ್‌ಕಾರ್ಡ್ ಕೊಟ್ಟು ಜಾಸ್ತಿ ಇಷ್ಟವಾದದ್ದರಿಂದ ಕಡಿಮೆಯವರೆಗೆ ಜೋಡಿಸಿ ಅಂದರು. ಎರಡು ವಾರ ಬಿಟ್ಟು ಮತ್ತೆ ಅದೇ ಕಾರ್ಡು. ನೋಡಿದ ನೆನಪು ಅವರಿಗಿರಲಿಲ್ಲ. ಆದರೆ ಜೋಡಿಸಿದ ಸಾಲು ಹೆಚ್ಚುಕಡಿಮೆ ಮೊದಲಿನದೇ, ಕಾಯಿಲೆ ಇಲ್ಲದವರಷ್ಟೇ ಸ್ಥಿರ!

ಅಮೆರಿಕದ ಅಯೋವಾದಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಸ್ವಲ್ಪ ಕಸಿವಿಸಿ ಮಾಡುತ್ತದೆ. ಆಲ್ಜೈಮರ್ಸ್ ಇದ್ದ 17 ಜನರಿಗೆ ಸಂತೋಷದ, ದುಃಖದ ಸಿನಿಮಾ ತುಣುಕು ತೋರಿಸಿದರು. ಕಂಡದ್ದು ಬೇಗ ಮರೆತುಹೋಯಿತು, ಅದರ ಗುಂಗು ಉಳಿಯಿತು. ಯಾರಿಗೆ ಕಡಿಮೆ ನೆನಪಿತ್ತೋ ಅವರ ದುಃಖವೇ ಜಾಸ್ತಿ ಹೊತ್ತು ಉಳಿಯಿತು. ಅಂದರೆ ಬೆಳಗ್ಗೆ ನಾವು ಸಿಡುಕಿದ್ದು ಅಪ್ಪನಿಗೆ ನೆನಪಿರಲ್ಲ ಅಂತ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ.

ಚಿತ್ರ ನೋಡಿ ಕಾಯಿಲೆ ವಾಸಿಯಾಗಲ್ಲ, ಯಾರಾದರೂ ಹಾಗಂದರೆ ನಂಬಬೇಡಿ. ಮೊಮಾದ ಕಾರ್ಯಕ್ರಮವನ್ನು ನ್ಯೂಯಾರ್ಕ್ ವಿಶ್ವವಿದ್ಯಾಲಯದವರು ಪರಿಶೀಲಿಸಿದಾಗ ಕಂಡದ್ದು ಇಷ್ಟು: ಬಂದವರ ಮನಸ್ಸು ಹಗುರಾಗಿತ್ತು, ನೋಡಿಕೊಳ್ಳುವವರದ್ದೂ. ಈ ಎರಡನೆಯದು ಸಣ್ಣ ಮಾತಲ್ಲ. ಮಾತ್ರೆ, ಸ್ನಾನ, ರಾತ್ರಿ ನಾಲ್ಕು ಸಲ ಎದ್ದು ಬಾಗಿಲ ಚಿಲಕ ನೋಡುವುದು, ಇದರಲ್ಲೇ ದಿನ ಕಳೆಯುವ ಮಗಳು ಅಮ್ಮನ ಪಕ್ಕ ಸುಮ್ನೆ ಕೂತು ಒಂದೇ ಚಿತ್ರ ನೋಡುವುದು ಯಾವಾಗ?

ಮನೆಯಲ್ಲೇ ಮಾಡಬಹುದು, ರವಿವರ್ಮನ ಹಳೇ ಕ್ಯಾಲೆಂಡರ್ ಚಿತ್ರ ಸಾಕು. ಮದುವೆ ಆಲ್ಬಂ ಮಾತ್ರ ಬೇಡ. ಎರಡನೇ ಪುಟಕ್ಕೇ "ಇದ್ಯಾರು ಹೇಳಿ?" ಅಂತ ಬಾಯಿಗೆ ಬಂದೇಬಿಡುತ್ತದೆ.