ಪಿಆರ್‌ಎಸ್ ಗಿಟಾರಿನ ಪಟ್ಟೆಗೂ ಅದರ ಸೌಂಡಿಗೂ ಏನು ಸಂಬಂಧ?

ಪ್ರಶ್ನೆ: ಪಿಆರ್‌ಎಸ್ (ಪಾಲ್ ರೀಡ್ ಸ್ಮಿತ್) ಕಂಪನಿಯ ಕಡಿಮೆ ಬೆಲೆಯ ಎಸ್‌ಇ ಸಾಲಿನ ಎಲೆಕ್ಟ್ರಿಕ್ ಗಿಟಾರ್, ಎಸ್‌ಇ ಕಸ್ಟಮ್ 24 ತಗೋಬೇಕು ಅಂತಿದ್ದೇನೆ. ಆದರೆ ಅದರ ಮೇಲಿರೋದು ಪಟ್ಟೆ ಪಟ್ಟೆಯಾಗಿ ಕಾಣುವ ಫ್ಲೇಮ್ ಮೇಪಲ್ ಮರದ ತೆಳು ಹಾಳೆ ಅಷ್ಟೇ, ಅಸಲಿ ಪಿಆರ್‌ಎಸ್ ಸೌಂಡ್ ಬರಲ್ಲ ಅಂತ ನುಡಿಸುವವರೇ ಹೇಳ್ತಾರೆ. ನಿಜಾನಾ?

ಅಲ್ಲ. ಕೈಗೆ ಹಿಡಿಸಿದರೆ ತಗೊಳ್ಳಿ.

ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

ತೆಳು ಹಾಳೆ ಅನ್ನೋದು ಸುಳ್ಳಲ್ಲ. ಎಸ್‌ಇಯಲ್ಲಿ ಹಿಂದೆ ಮಹಾಗನಿ, ಅದರ ಮೇಲೆ ಸಾದಾ ಮೇಪಲ್, ಅದರ ಮೇಲೆ ಅಂದಕ್ಕೆ ಫ್ಲೇಮ್ ಮೇಪಲ್‌ನ ಹಾಳೆ ಅಂಟಿಸಿರುತ್ತಾರೆ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ತಯಾರಾಗುವ ದುಬಾರಿ ಕಸ್ಟಮ್ 24ರಲ್ಲಿ ಆ ಪಟ್ಟೆಯ ಮರ ದಪ್ಪಕ್ಕೇ ಇರುತ್ತದೆ. ಇಲ್ಲಿವರೆಗೆ ಸರಿ. ಅದಕ್ಕೇ ಸೌಂಡ್ ಬೇರೆ ಅನ್ನುವಲ್ಲಿ ಲೆಕ್ಕ ತಪ್ಪುತ್ತದೆ.

ಆ ಪಟ್ಟೆ ಅಂದರೆ ಏನು? ಮರದ ನಾರು ನೇರವಾಗಿ ಬೆಳೆಯದೆ ಅಲೆ ಅಲೆಯಾಗಿ ಬೆಳೆದಿರುತ್ತದೆ. ನಾರಿನ ತುದಿ ನಿಮ್ಮ ಕಡೆ ತಿರುಗಿದ ಜಾಗ ಕಪ್ಪಗೆ ಕಾಣುತ್ತದೆ, ಪಕ್ಕ ತಿರುಗಿದ ಜಾಗ ಹೊಳೆಯುತ್ತದೆ. ಗಿಟಾರನ್ನು ಸ್ವಲ್ಪ ವಾಲಿಸಿ ನೋಡಿ. ಕಪ್ಪಗಿದ್ದ ಪಟ್ಟೆ ಬೆಳ್ಳಗಾಗುತ್ತದೆ, ಬೆಳ್ಳಗಿದ್ದದ್ದು ಕಪ್ಪಾಗುತ್ತದೆ. ರೇಷ್ಮೆ ಸೀರೆಯ ಸೆರಗನ್ನು ಕಿಟಕಿ ಬೆಳಕಿಗೆ ಹಿಡಿದು ಆಡಿಸಿದ ಹಾಗೆ. ಇದು ಪೂರ್ತಿ ಬೆಳಕಿನ ಆಟ. ಪಿಆರ್‌ಎಸ್‌ನವರು ಬಹಳ ಚೆಂದದ ಮರ ಸಿಕ್ಕರೆ ಗಿಟಾರಿನ ತಲೆಯ ಹಿಂಭಾಗದಲ್ಲಿ ‘10’ ಅಂತ ಗುರುತು ಹಾಕುತ್ತಾರೆ. ಆ ಹತ್ತು ಕಣ್ಣಿಗೆ ಕೊಟ್ಟ ಮಾರ್ಕು, ಕಿವಿಗಲ್ಲ.

ಇನ್ನು ಪಿಕಪ್ ಮಾಡುವ ಕೆಲಸ ನೋಡಿ. ತಂತಿಗಳ ಕೆಳಗೆ ಕೂತು ಅವುಗಳ ಅದುರಾಟವನ್ನು ಹಿಡಿಯುವ ಭಾಗ ಅದು. ಒಳಗೆ ಅಯಸ್ಕಾಂತ, ಸುತ್ತ ತಾಮ್ರದ ತಂತಿಯ ಸುರುಳಿ. ಮೇಲೆ ಉಕ್ಕಿನ ತಂತಿ ಅದುರಿದಾಗ ಅಯಸ್ಕಾಂತದ ಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಹೋಗೋದು ಅದು. ತಂತಿ ಎಷ್ಟು ಹೊತ್ತು ಅದುರುತ್ತದೆ ಅನ್ನುವುದರಲ್ಲಿ ಮರದ ಗಟ್ಟಿತನಕ್ಕೆ ಒಂಚೂರು ಪಾಲು ಇರಬಹುದು. ಆದರೆ ಅದೇ ಮೇಪಲ್‌ಗೆ ಪಟ್ಟೆ ಇದೆಯೋ ಇಲ್ಲವೋ ಅಂತ ಪಿಕಪ್‌ಗೆ ಗೊತ್ತಾಗುವ ದಾರಿಯೇ ಇಲ್ಲ.

ನನ್ನ ಹತ್ತಿರ ಕಲಿಯುವ ಹುಡುಗನೊಬ್ಬ ಎಸ್‌ಇ ತಂದಿದ್ದ. ಸೌಂಡ್ ಮಂಕಾಗಿತ್ತು. ಹಾಳೆಯದ್ದೇ ದೋಷ ಅಂತ ತೀರ್ಮಾನ ಮಾಡಿಕೊಂಡೇ ಬಂದಿದ್ದ. ತಂತಿ ಮುಟ್ಟಿದರೆ ಬೆರಳು ಕಪ್ಪಾಯಿತು. ಮಳೆಗಾಲ ಪೂರ್ತಿ ಬದಲಾಯಿಸಿರಲಿಲ್ಲ. ನೆಕ್ ಪಿಕಪ್ (ಕತ್ತಿನ ಕಡೆಯ ಪಿಕಪ್) ದಪ್ಪ ತಂತಿಗಳಿಗೆ ತಾಗುವಷ್ಟು ಮೇಲೆ ಕೂತಿತ್ತು. ಹೊಸ ತಂತಿ ಹಾಕಿ, ಸ್ಕ್ರೂಡ್ರೈವರ್‌ನಿಂದ ಆ ಪಿಕಪ್ಪನ್ನು ಅರ್ಧ ಸುತ್ತು, ಮತ್ತೆ ಅರ್ಧ ಸುತ್ತು ಇಳಿಸಿದೆವು. ಅವನು ಅದೇ ಇ ಮೈನರ್ ಕಾರ್ಡನ್ನು ಮೂರು ಸಲ ಬಾರಿಸಿದ. ಮುಖ ಅರಳಿತು. ಮರ ಅದೇ, ಹಾಳೆಯೂ ಅದೇ.

ಇಷ್ಟೂ ಸಾಲದು ಅಂದರೆ ಸಿಲ್ವರ್ ಸ್ಕೈ ನೋಡಿ. ಪಿಆರ್‌ಎಸ್‌ನವರು ಅಮೆರಿಕದ ಗಿಟಾರ್ ವಾದಕ ಜಾನ್ ಮೇಯರ್ ಜೊತೆ ಸೇರಿ 2018ರಲ್ಲಿ ತಂದ ಮಾಡೆಲ್. ಅದರಲ್ಲಿ ಫ್ಲೇಮ್ ಟಾಪ್ ಇಲ್ಲವೇ ಇಲ್ಲ, ಆಲ್ಡರ್ ಮರದ ಮೇಲೆ ಬಣ್ಣ ಹೊಡೆದಿರುತ್ತಾರೆ. ಅದನ್ನು ಮೆಚ್ಚಿದವರು ಪಟ್ಟೆ ನೋಡಿ ಮೆಚ್ಚಿದವರಲ್ಲ, ಅಲ್ವಾ?

ಹಾಗಾದರೆ ‘ಪಿಆರ್‌ಎಸ್ ಫೀಲ್’ ಅಂತ ನುಡಿಸುವವರು ಹೇಳೋದು ಏನನ್ನು? ನನ್ನ ಮಟ್ಟಿಗೆ ಬಹುಪಾಲು ಸ್ಕೇಲ್ ಉದ್ದ, ಅಂದರೆ ತಂತಿಯ ಅದುರುವ ಭಾಗದ ಉದ್ದ. ಫೆಂಡರ್ ಸ್ಟ್ರಾಟ್‌ದು 25.5 ಇಂಚು, ಗಿಬ್ಸನ್ ಲೆಸ್ ಪಾಲ್‌ದು ಸುಮಾರು 24.75. ಕಸ್ಟಮ್ 24ರದ್ದು ಸರಿಯಾಗಿ 25. ತಂತಿ ಫೆಂಡರ್‌ನಷ್ಟು ಬಿಗಿಯಲ್ಲ, ಗಿಬ್ಸನ್‌ನಷ್ಟು ಸಡಿಲವಲ್ಲ. ಮುಖ್ಯವಾದ ಮಾತು ಅಂದರೆ ಎಸ್‌ಇ ಕಸ್ಟಮ್ 24ರಲ್ಲೂ ಅದೇ 25. ಬೆಲೆಯ ಅಂತರ ಬರೋದು ಎಲ್ಲಿ, ಯಾರ ಕೈಯಲ್ಲಿ ತಯಾರಾಯಿತು, ಪಿಕಪ್ ಯಾವುದು, ಹಾರ್ಡ್‌ವೇರ್ ಯಾವುದು, ಫಿನಿಶ್ ಎಂಥದ್ದು ಅನ್ನುವುದರಿಂದ. ಅದು ಸುಮ್ನೆ ಅಲ್ಲ, ಆ ಕೆಲಸಕ್ಕೆ ಆ ಬೆಲೆ ಇದೆ.

ಇನ್ನೊಂದು ವಿಷಯ, ಯಾರೂ ಕೇಳದಿದ್ದರೂ ಹೇಳಲೇಬೇಕು. ಪಿಆರ್‌ಎಸ್ ಗಿಟಾರಿನ ಕತ್ತಿನ ಮೇಲೆ ಫ್ರೆಟ್‌ಗಳ (ಅಡ್ಡಡ್ಡ ಲೋಹದ ಪಟ್ಟಿಗಳ) ನಡುವೆ ಕೂರಿಸಿರುವ ಹಕ್ಕಿ ಚಿತ್ರಗಳು. ಪಾಲ್ ರೀಡ್ ಸ್ಮಿತ್ 1985ರಲ್ಲಿ ಅನಾಪೊಲಿಸ್‌ನಲ್ಲಿ ಕಂಪನಿ ಶುರು ಮಾಡಿದವರು. ಅವರ ತಾಯಿಗೆ ಹಕ್ಕಿ ನೋಡುವ ಹವ್ಯಾಸ. ತಾಯಿಯ ಹಕ್ಕಿ ಪುಸ್ತಕದಿಂದಲೇ ಈ ಚಿತ್ರಗಳ ಯೋಚನೆ ಬಂತು. ಎಲ್ಲವೂ ಒಂದೇ ಹಕ್ಕಿ ಅಂದುಕೊಂಡವರು ಜಾಸ್ತಿ. ಒಂದೊಂದೂ ಬೇರೆ. ಏಳನೇ ಫ್ರೆಟ್‌ನಲ್ಲಿ ಇರೋದು ಹಮ್ಮಿಂಗ್‌ಬರ್ಡ್, ನಮ್ಮ ಹಿತ್ತಲಿನ ಸೂರಕ್ಕಿ ಅಲ್ಲ. ಮುಂದೆ ಇಳಿಯುತ್ತಿರುವ ಗುಬ್ಬಿ ಸಿಗುತ್ತದೆ. ಕಟ್ಟಕಡೆಗೆ 24ನೇ ಫ್ರೆಟ್‌ನಲ್ಲಿ ಕೊಂಬೆ ಮೇಲೆ ಕೂತ ಗೂಬೆ. 22 ಫ್ರೆಟ್‌ನ ಮಾಡೆಲ್ ತಗೊಂಡರೆ ಆ ಗೂಬೆ ಸಿಗುವುದಿಲ್ಲ.