‘ಚಟ ಐತೇನಪ್ಪ?’ ಅಂದರೆ ಉತ್ತರ ‘ಇಲ್ಲ’

ಚಳ್ಳಕೆರೆಯಾಗಲಿ ಹರಿಹರವಾಗಲಿ, ಓಪಿಡಿಯಲ್ಲಿ ‘ಏನಾದ್ರೂ ಚಟ ಐತೇನಪ್ಪ?’ ಎಂದು ನಾವು ಡಾಕ್ಟರರು ಕೇಳಿದರೆ ಹುಡುಗ ಪಕ್ಕದಲ್ಲಿ ನಿಂತ ಅಪ್ಪನ ಮುಖ ನೋಡಿ ‘ಇಲ್ಲ’ ಅನ್ನುತ್ತಾನೆ. ಮೊದಲು ಅಪ್ಪನನ್ನು ಚೀಟಿ ಮಾಡಿಸಲು ಕಳಿಸಿ. ಬಿಪಿ ಪಟ್ಟಿ ಕಟ್ಟುತ್ತಾ, ಬೀಡಿ, ಗುಟ್ಕಾ, ಎಣ್ಣೆ ವಿಚಾರಿಸಿದ ಅದೇ ದನಿಯಲ್ಲಿ ಮುಂದುವರಿಸಿ: ‘ಹೋದ ಒಂದು ವರ್ಷದಾಗೆ ಗಾಂಜಾ ಸೇದಿದ್ದು, ಇಲ್ಲಾ ನಿದ್ದೆ ಮಾತ್ರೆ, ನೋವಿನ ಮಾತ್ರೆ ಮಜಾಕ್ಕೆ ತಗೊಂಡಿದ್ದು ಎಷ್ಟು ಸಲ?’ ಒಂದು ಸಲ ಅಂದರೂ ಮಾತು ಬಿಡಬೇಡಿ. ಅಂಗಿಯ ತೋಳು ಮೇಲಕ್ಕೆ ಮಡಚಿದಾಗ ಮೊಣಕೈ ಒಳಬದಿಯ ಸೂಜಿ ಗುರುತೂ ಕಣ್ಣಿಗೆ ಬೀಳುತ್ತದೆ.

ಊರೆಲ್ಲ ಗಾಂಜಾ ಗಾಂಜಾ ಅನ್ನುತ್ತದೆ. ದವಾಖಾನೆಯಲ್ಲಿ ನಾವು ಎಡವುವುದು ಮಾತ್ರೆಗಳಲ್ಲಿ. ಅಫೀಮಿನಂತೆ ಕೆಲಸ ಮಾಡುವ (ಓಪಿಯಾಯ್ಡ್) ನೋವಿನ ಮಾತ್ರೆ ಟ್ರಮಡಾಲ್ ದಿನಕ್ಕೆ 400 ಮಿ.ಗ್ರಾಂ. ದಾಟಿದರೆ ಫಿಟ್ಸ್ ಬರುವ ಅಪಾಯ ಏರುತ್ತದೆ. ಹಾಗಾಗಿ ಇಪ್ಪತ್ತರ ಹುಡುಗನಿಗೆ ಮೊದಲ ಸಲ ಫಿಟ್ಸ್ ಬಂದರೆ ಸ್ಕ್ಯಾನ್ ಜೊತೆಗೆ ಈ ಪ್ರಶ್ನೆಯೂ ಇರಲಿ. ಮೂತ್ರದಲ್ಲಿ ಇಂಥವನ್ನು ಹುಡುಕುವ ಸಾಮಾನ್ಯ ಓಪಿಯೇಟ್ ಪರೀಕ್ಷೆಯ ಪಟ್ಟಿಯನ್ನು ನಂಬಿ ಕೂರಬೇಡಿ: ಅದು ಮಾರ್ಫಿನ್, ಕೊಡೀನ್ ಹಿಡಿಯುತ್ತದೆ, ಟ್ರಮಡಾಲ್, ಅದೇ ಜಾತಿಯ ಟಪೆಂಟಡಾಲ್ ಎರಡೂ ತಪ್ಪಿಸಿಕೊಳ್ಳುತ್ತವೆ. ಟಪೆಂಟಡಾಲ್ ಮಾತ್ರೆ ಪುಡಿಮಾಡಿ ನೀರಲ್ಲಿ ಕಲಸಿ ಚುಚ್ಚಿಕೊಳ್ಳುವವರೂ ಇದ್ದಾರೆ. ಮಾತ್ರೆಗೆ ಬೆರೆಸಿದ ಟಾಲ್ಕ್ ಕರಗುವುದಿಲ್ಲ, ಹೋಗಿ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಕೂರುತ್ತದೆ. ಇಂಥವರಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಮೂರೂ ಪರೀಕ್ಷೆ ಬೇಕು.

ಈ ಮಾತ್ರೆ ಸಿಗದ ದಿನ ಬರುವವನ ಮೂಗು ಸೋರುತ್ತಿರುತ್ತದೆ, ಭೇದಿ, ಮೈಕೈ ನೋವು. ವೈರಲ್ ಜ್ವರ ಎಂದು ಬರೆದು ಕಳಿಸುವುದು ಸುಲಭ. ಆದರೆ ಮೇಲಿಂದ ಮೇಲೆ ಆಕಳಿಕೆ, ಹಿಗ್ಗಿದ ಪಾಪೆ, ತೋಳ ಮೇಲೆ ಎದ್ದು ನಿಂತ ಕೂದಲು ವೈರಲ್ ಜ್ವರದ್ದಲ್ಲ.

ಓಪಿಯಾಯ್ಡ್ ಬಿಟ್ಟಾಗಿನ ಸಂಕಟ ಜೀವ ಹಿಂಡಿದರೂ ಸಾಮಾನ್ಯವಾಗಿ ಜೀವ ತೆಗೆಯುವುದಿಲ್ಲ. ಆತಂಕ, ನಿದ್ದೆಗೆ ಕೊಡುವ ಅಲ್‌ಪ್ರಜೋಲಾಮ್ ಹಾಗಲ್ಲ. ತಿಂಗಳುಗಟ್ಟಲೆ ನುಂಗಿದವನ ಸ್ಟ್ರಿಪ್ಪನ್ನು ಮನೆಯವರು ಸಿಟ್ಟಿಗೆ ಚರಂಡಿಗೆಸೆದರೆ ಎರಡು ಮೂರು ದಿನದಲ್ಲೇ ಫಿಟ್ಸ್ ಬರಬಹುದು. ಮಾತ್ರೆಯ ಪ್ರಮಾಣವನ್ನು ಎರಡು ವಾರಕ್ಕೊಮ್ಮೆ ಶೇ 10ರಿಂದ 25ರಷ್ಟು ಇಳಿಸುತ್ತಾ ಹೋಗಬೇಕು. ಕೊನೆಯ ಮೆಟ್ಟಿಲುಗಳೇ ಕಷ್ಟ, ಅಲ್ಲಿ ಇನ್ನೂ ನಿಧಾನ.

‘ಪೊಲೀಸರಿಗೆ ಹೇಳ್ತೀರಾ ಸಾರ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಸೇವನೆ ಮತ್ತು ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ರಕ್ಷಣೆ ಕೊಡುತ್ತದೆ ಎಂದು ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು ಎಂಬುದನ್ನೂ ಹೇಳಿ.

ಜಿಲ್ಲಾಸ್ಪತ್ರೆಗೆ ಕಳಿಸುವಾಗ ‘ಅಡಿಕ್ಟ್’ ಎಂದು ಗೀಚಬೇಡಿ, ಆ ಚೀಟಿ ಮೊದಲು ಓದುವವನು ಅಪ್ಪ. ಲಕೋಟೆ ಅಂಟಿಸಿ, ಒಳಗೆ ಮಾತ್ರೆಯ ಹೆಸರು, ದಿನಕ್ಕೆಷ್ಟು, ಕೊನೆಯದು ನುಂಗಿದ ಗಂಟೆ ಬರೆಯಿರಿ. ಆ ಗಂಟೆ ಗೊತ್ತಿಲ್ಲದೆ, ಓಪಿಯಾಯ್ಡ್ ಚಟಕ್ಕೆ ಚಿಕಿತ್ಸೆಯಾಗಿ ಕೊಡುವ ಬುಪ್ರೆನಾರ್ಫಿನ್ ಬೇಗ ಕೊಟ್ಟರೆ ಸಂಕಟ ಇಳಿಯುವ ಬದಲು ಒಮ್ಮೆಲೇ ಉಕ್ಕುತ್ತದೆ, ಹುಡುಗ ಮತ್ತೆ ಆಸ್ಪತ್ರೆ ಕಡೆ ತಲೆಹಾಕುವುದಿಲ್ಲ.